ಸುತ್ತಿ ಬಂದುದರ ಲೆಕ್ಕ

2021ನೆಯ ಇಸವಿಯ ಮೇ 15ರಂದು ಬೆಂಗಳೂರಿನಲ್ಲಿ ಎಂ. ಎಸ್. ನರಸಿಂಹನ್ ಎಂಬ ಗಣಿತಜ್ಞರು ತೀರಿಕೊಂಡರು. ಅದಕ್ಕೆ ಹತ್ತು ತಿಂಗಳು ಮೊದಲು, 2020ರ ಜುಲೈ 17ರಂದು, ಅವರ ಸಹೋದ್ಯೋಗಿಯೂ ಸಹಲೇಖಕರೂ ಆಗಿದ್ದ ಸಿ. ಎಸ್. ಶೇಷಾದ್ರಿಯವರು ಚೆನ್ನೈಯಲ್ಲಿ ಕಾಲವಾಗಿದ್ದರು. ಈ ಇಬ್ಬರ ಹೆಸರನ್ನೂ ಜೋಡಿಸಿ ಕರೆಯುವ ಒಂದು ಪ್ರಮೇಯವು 1965ರಿಂದ ಪ್ರಪಂಚದ ಗಣಿತಶಾಸ್ತ್ರದಲ್ಲಿ ನೆಲೆನಿಂತಿದೆ. ಅವರಿಗೆ ಸಂದ ಪ್ರಶಸ್ತಿಗಳ ಹೆಸರು ಹೇಳುವುದು ಸುಲಭ. ಪ್ರಮೇಯವೇನೆಂದು ಹೇಳುವುದು ಅಷ್ಟು ಸುಲಭವಲ್ಲ.

ಇಂಥ ವಿಷಯಗಳು ಕನ್ನಡಕ್ಕೆ ಒಗ್ಗುವುದಿಲ್ಲವೆಂದು ವಿದ್ಯಾವಂತರೇ ಹೇಳುವುದುಂಟು. ಈ ಲೇಖಕನು ವೃತ್ತಿಯಿಂದ ಕನ್ನಡ ಪಂಡಿತ. ಹೈಸ್ಕೂಲಿನ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುವವನು. ಆದರೆ ಒಂದು ಭಾಷೆ ತನ್ನ ಮಕ್ಕಳಿಗೆ ತಮ್ಮ ಕಾಲದ ಜ್ಞಾನವನ್ನು ಹೇಳಲಾರದೆ ಹೋದರೆ, ಅದು ಹಬ್ಬದ ದಿನ ಮಾತ್ರ ಪೆಟ್ಟಿಗೆಯಿಂದ ಹೊರತೆಗೆಯುವ ಪೀತಾಂಬರವಾಗಿಬಿಡುತ್ತದೆ. ಆದುದರಿಂದ ವಾಚಕರು ಸ್ವಲ್ಪ ತಾಳ್ಮೆ ತಂದುಕೊಂಡು, ಕೈಯಲ್ಲಿ ಒಂದು ಹಾಳೆ ಕಾಗದವನ್ನೂ ಕತ್ತರಿಯನ್ನೂ ಇಟ್ಟುಕೊಂಡು, ನನ್ನೊಡನೆ ನಾಲ್ಕು ಹೆಜ್ಜೆ ನಡೆಯಬೇಕೆಂದು ಕೋರುತ್ತೇನೆ.

ಹಗ್ಗ ಮತ್ತು ಕೆರೆ

ನಮ್ಮ ತೆಕ್ಕಟ್ಟೆಯಿಂದ ಹೆದ್ದಾರಿಯಲ್ಲಿ ಕುಂದಾಪುರದ ಕಡೆಗೆ ಹೋದರೆ, ಕುಂಭಾಶಿಯನ್ನು ದಾಟಿದ ಮೇಲೆ ಕೋಟೇಶ್ವರ ಸಿಗುತ್ತದೆ. ಅಲ್ಲಿ ಕೋಟಿಲಿಂಗೇಶ್ವರ ದೇವಾಲಯದ ಬಳಿ ಕೋಟಿತೀರ್ಥವೆಂಬ ವಿಸ್ತಾರವಾದ ಕೆರೆಯಿದೆ. ನೀವು ಆ ಕೆರೆಯ ದಂಡೆಯ ಒಂದು ಕಲ್ಲಿಗೆ ಹಗ್ಗದ ತುದಿಯನ್ನು ಕಟ್ಟಿ, ಹಗ್ಗವನ್ನು ಬಿಡುತ್ತ ಬಿಡುತ್ತ ಕೆರೆಯನ್ನು ಒಂದು ಸುತ್ತು ಬಂದಿರೆಂದು ಭಾವಿಸಿ. ಈಗ ಎರಡು ತುದಿಗಳನ್ನೂ ಹಿಡಿದು ಎಳೆಯಿರಿ. ಹಗ್ಗವು ನೆಲದ ಮೇಲೆ ಮಾತ್ರ ಸರಿಯಬೇಕು, ನೀರನ್ನು ಮುಟ್ಟಬಾರದು ಎಂಬುದು ನಿಯಮ. ಹಗ್ಗ ದಂಡೆಗೆ ಬಿಗಿದು ನಿಲ್ಲುತ್ತದೆ, ಕೈಗೆ ಬರುವುದಿಲ್ಲ. ಅದೇ ಹಗ್ಗವನ್ನು ಪಕ್ಕದ ಗದ್ದೆ ಬಯಲಿನಲ್ಲಿ ಸುತ್ತಿ ಬಂದು ಎಳೆದರೆ, ಪೂರ್ತಿಯಾಗಿ ಕೈಗೆ ಬಂದುಬಿಡುತ್ತದೆ.

ಕೆರೆಯನ್ನು ಕಣ್ಣಿನಿಂದ ನೋಡದೆಯೇ, ಹಗ್ಗ ಕೈಗೆ ಬಂದಿತೋ ಇಲ್ಲವೋ ಎಂಬುದರಿಂದಲೇ ಅಲ್ಲೊಂದು ಕೆರೆಯಿದೆಯೆಂದು ತಿಳಿಯಬಹುದು. ಎರಡು ಸುತ್ತು ಬಂದರೆ ಅದು ಒಂದು ಸುತ್ತಿಗಿಂತ ಬೇರೆ. ಬಲಗಡೆಗೆ ಒಂದು ಸುತ್ತು, ಎಡಗಡೆಗೆ ಒಂದು ಸುತ್ತು ಬಂದರೆ ಎರಡೂ ವಜಾ ಆಗುತ್ತವೆ. ಹೀಗೆ ಒಂದು ಸ್ಥಳದಿಂದ ಹೊರಟು ಅಲ್ಲಿಗೇ ಮರಳುವ ಸುತ್ತುಗಳನ್ನೆಲ್ಲ ಕೂಡಿಸಬಹುದು, ಕಳೆಯಬಹುದು. ಇಂಥ ಸುತ್ತುಗಳ ಸಮುದಾಯವನ್ನು ಫ್ರಾನ್ಸಿನ ಹೆನ್ರಿ ಪ್ವಾಂಕಾರೆ ಎಂಬ ಮಹಾಶಯನು 1895ರಲ್ಲಿ ಶಾಸ್ತ್ರಕ್ಕೆ ತಂದನು. ಇಂಗ್ಲಿಷಿನಲ್ಲಿ ಇದಕ್ಕೆ ಫಂಡಮೆಂಟಲ್ ಗ್ರೂಪ್ ಎಂದು ಹೆಸರು. ನಾವು ಇಲ್ಲಿ ಮೂಲ ಸಂಕುಲ ಎನ್ನೋಣ.

ಕೆರೆ ಒಂದೇ ಇದ್ದರೆ ಲೆಕ್ಕ ಸುಲಭ: ಎಷ್ಟು ಸುತ್ತು, ಯಾವ ಕಡೆಗೆ ಎಂದರೆ ಸಾಕು. ಎರಡು ಕೆರೆಗಳಿದ್ದರೆ ತೊಡಕು. ಮೊದಲು ಮೂಡಣ ಕೆರೆ, ಆಮೇಲೆ ಪಡುವಣ ಕೆರೆ ಸುತ್ತಿದ ಹಗ್ಗವೂ, ಮೊದಲು ಪಡುವಣ ಕೆರೆ, ಆಮೇಲೆ ಮೂಡಣ ಕೆರೆ ಸುತ್ತಿದ ಹಗ್ಗವೂ ಒಂದೇ ಅಲ್ಲ. ಎಷ್ಟು ಜಗ್ಗಿದರೂ ಒಂದು ಇನ್ನೊಂದಾಗದು. ಸಮಾಸ ಬಲ್ಲವರಿಗೆ ಇದು ಹೊಸತಲ್ಲ. ‘ಮನೆದೇವರು’ ಬೇರೆ, ‘ದೇವರಮನೆ’ ಬೇರೆ. ಪದಗಳು ಅವೇ, ಕ್ರಮ ಬದಲಾಯಿತು, ಅರ್ಥವೂ ಬದಲಾಯಿತು. ಹೀಗೆ ಕ್ರಮಕ್ಕೆ ಬೆಲೆಯುಳ್ಳ ಸಂಕುಲವನ್ನು ನೇರವಾಗಿ ಹಿಡಿಯುವುದು ಕಷ್ಟ.

ಕಾಗದದ ಪೊಟ್ಟಣ

ಹಿಡಿಯಲು ಕಷ್ಟವಾದುದನ್ನು ಬಲ್ಲ ವಸ್ತುವಿಗೆ ಹೊಂದಿಸಿ ನೋಡುವುದು ಶಾಸ್ತ್ರಕಾರರ ಪದ್ಧತಿ. ಪದ್ಯಕ್ಕೆ ನಾವು ಪ್ರಸ್ತಾರ ಹಾಕುವುದಿಲ್ಲವೆ? ಅರ್ಥ, ಅಲಂಕಾರ, ರಸ ಎಲ್ಲವನ್ನೂ ಬದಿಗಿಟ್ಟು ಲಘು ಗುರುಗಳ ಗುರುತನ್ನು ಮಾತ್ರ ಬರೆಯುತ್ತೇವೆ. ಎಷ್ಟೋ ಹೋಯಿತು, ನಿಜ. ಆದರೆ ನಡೆ ಉಳಿಯಿತು, ಮತ್ತು ಆ ನಡೆಯಿಂದಲೇ ಇದು ಕಂದವೋ ಷಟ್ಪದಿಯೋ ಎಂದು ಹೇಳಬಲ್ಲೆವು. ಅದೇ ರೀತಿ ಗಣಿತಜ್ಞನು ಪ್ರತಿಯೊಂದು ಸುತ್ತಿಗೂ ಒಂದು ತಿರುವನ್ನು ಗುರುತು ಹಾಕುತ್ತಾನೆ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಬಂದರೆ, ಒಂದು ತಿರುವಿನ ಮೇಲೆ ಇನ್ನೊಂದು ತಿರುವು ಆಗಬೇಕು. ಇಷ್ಟೇ ಕಟ್ಟಳೆ. ಇಂಥ ಗುರುತಿಗೆ ಪ್ರಾತಿನಿಧ್ಯವೆಂದು ಹೆಸರು. ತಿರುವನ್ನು ಅಂಕಿಗಳ ಚೌಕದಲ್ಲಿ ಬರೆದರೆ ಅದೇ ಮಾತೃಕೆ.

ಈಗ ಕಾಗದ ತೆಗೆದುಕೊಳ್ಳಿ. ವೃತ್ತಾಕಾರವಾಗಿ ಕತ್ತರಿಸಿ, ನಾಲ್ಕಾಗಿ ಮಡಿಸಿ ಬಿಡಿಸಿ, ಕಾಲುಭಾಗವನ್ನು ಕತ್ತರಿಸಿ ತೆಗೆಯಿರಿ. ಉಳಿದ ಮುಕ್ಕಾಲು ವೃತ್ತದಲ್ಲಿ ಕತ್ತರಿಸಿದ ಅಂಚುಗಳು ಎರಡು. ಒಂದು ಅಂಚಿಗೆ ಸಮಾಂತರವಾಗಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿದ ಬಾಣಗಳನ್ನು ಕಾಗದದ ತುಂಬ ಬರೆಯಿರಿ. ಇನ್ನು ಆ ಎರಡು ಅಂಚುಗಳನ್ನು ಕೂಡಿಸಿ ಅಂಟಿಸಿದರೆ ಕಡಲೆಯ ಪೊಟ್ಟಣದಂತೆ ಆಗುತ್ತದೆ. ಅಂಟಿಸಿದ ಗೆರೆಯ ಬಳಿ ನೋಡಿ: ಒಂದು ಮಗ್ಗುಲಿನ ಬಾಣಗಳು ಗೆರೆಯುದ್ದಕ್ಕೆ ಇವೆ, ಇನ್ನೊಂದು ಮಗ್ಗುಲಿನವು ಗೆರೆಗೆ ಅಡ್ಡವಾಗಿವೆ. ಬಾಣವು ದಾರಿಯಲ್ಲಿ ಎಲ್ಲಿಯೂ ತಿರುಗಲಿಲ್ಲ. ಆದರೂ ಪೊಟ್ಟಣದ ತುದಿಯನ್ನು ಒಂದು ಸುತ್ತು ಬಂದುದಕ್ಕೆ 90 ಡಿಗ್ರಿ ತಿರುಗಿದಂತಾಯಿತು. ಎರಡು ಸುತ್ತಿಗೆ 180, ಮೂರು ಸುತ್ತಿಗೆ 270. ನಾಲ್ಕನೆಯ ಸುತ್ತಿಗೆ ಬಾಣ ಮೊದಲಿನ ದಿಕ್ಕಿಗೇ ಬರುತ್ತದೆ. ತುದಿಯನ್ನು ಒಳಗೊಳ್ಳದ ಸುತ್ತಿಗೆ ಮಾತ್ರ ಏನೂ ತಿರುವಿಲ್ಲ.

ಇದೇ ಪ್ರಾತಿನಿಧ್ಯ. ಕಾಲುಭಾಗದ ಬದಲು ಬೇರೊಂದು ಪ್ರಮಾಣ ಕತ್ತರಿಸಿದ್ದರೆ ತಿರುವು ಬೇರೆಯಾಗುತ್ತಿತ್ತು. ಹಾಗಾದರೆ ಒಂದು ಮೇಲ್ಮೈಯ ಸುತ್ತುಗಳಿಗೆ ಎಷ್ಟು ಬಗೆಯ ಪ್ರಾತಿನಿಧ್ಯಗಳು ಸಾಧ್ಯ? ಆ ಎಲ್ಲ ಪ್ರಾತಿನಿಧ್ಯಗಳನ್ನೂ ಒಂದೊಂದು ಚುಕ್ಕೆಯೆಂದು ಎಣಿಸಿ ಒಂದೆಡೆ ಹರಡಿದರೆ, ಆ ಹರವಿನ ಆಕಾರವೇನು? ನಮ್ಮ ಕಥೆಯ ಪ್ರಶ್ನೆ ಇದು.

ಕೋಡುಬಳೆಯ ಲೆಕ್ಕ

ಕೋಡುಬಳೆಯ ಮೇಲ್ಮೈಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಮುಖ್ಯವಾದ ಸುತ್ತುಗಳು ಎರಡು: ಬಳೆಯ ಉದ್ದಕ್ಕೆ ಒಂದು, ಅದರ ದಪ್ಪದ ಸುತ್ತಲೂ ಒಂದು. ಇಲ್ಲಿ ಯಾವುದನ್ನು ಮೊದಲು ಸುತ್ತಿದರೂ ಫಲ ಒಂದೇ. ಎರಡು ಕೋಡುಬಳೆಗಳು ಎಣ್ಣೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಎರಡು ತೂತುಗಳ ಒಂದೇ ಬಳೆಯಾಯಿತೆನ್ನಿ. ಆಗ ಮುಖ್ಯ ಸುತ್ತುಗಳು ನಾಲ್ಕು. ಅವುಗಳಲ್ಲಿ ಕ್ರಮಕ್ಕೆ ಬೆಲೆಯುಂಟು. ನಾಲ್ಕನ್ನೂ ಬಿಗಿಯುವ ನಿಯಮ ಒಂದೇ ಒಂದು. ನಾಲ್ಕು ಸುತ್ತುಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಮುಂದಕ್ಕೂ ಹಿಂದಕ್ಕೂ ಬಂದರೆ ಹಗ್ಗ ಪೂರ್ತಿ ಕೈಗೆ ಬರುತ್ತದೆ ಎಂಬುದೇ ಆ ನಿಯಮ.

ಪ್ರಾತಿನಿಧ್ಯ ಕೊಡಬೇಕಾದರೆ ನಾಲ್ಕು ಸುತ್ತುಗಳಿಗೂ ಒಂದೊಂದು ತಿರುವನ್ನು ಗೊತ್ತುಮಾಡಬೇಕು. ಸಮ್ಮಿಶ್ರ ಸಂಖ್ಯೆಗಳ ಎರಡಡ್ಡ ಎರಡರ ಮಾತೃಕೆಗಳಲ್ಲಿ ಉದ್ದವನ್ನು ಕೆಡಿಸದಂಥವು, ನಿರ್ಧಾರಕವು 1 ಆಗಿರುವಂಥವು ಒಂದು ವರ್ಗ. ಇಂಥ ಒಂದು ತಿರುವನ್ನು ಹೇಳಲು ಮೂರು ಅಂಕಿಗಳು ಬೇಕು. ಚೆಂಡನ್ನು ತಿರುಗಿಸಲು ಅಚ್ಚು ಯಾವ ದಿಕ್ಕಿಗೆ ಎಂಬುದಕ್ಕೆ ಎರಡು ಅಂಕಿ, ಎಷ್ಟು ತಿರುವು ಎಂಬುದಕ್ಕೆ ಒಂದು ಅಂಕಿ ಬೇಕಾಗುವಂತೆಯೇ ಇದು. ನಾಲ್ಕು ಸುತ್ತುಗಳಿಗೆ 12 ಅಂಕಿಗಳಾದವು. ಮೇಲೆ ಹೇಳಿದ ನಿಯಮವನ್ನು ಪಾಲಿಸುವುದರಲ್ಲಿ 3 ಅಂಕಿಗಳ ಸ್ವಾತಂತ್ರ್ಯ ಹೋಯಿತು, 9 ಉಳಿಯಿತು. ಇನ್ನು, ನೋಡುವವನು ಮುಖ ತಿರುಗಿಸಿ ನಿಂತನೆಂದು ತಿರುವೇ ಬೇರೆಯಾಗುವುದಿಲ್ಲವಷ್ಟೆ? ಅದಕ್ಕಾಗಿ ಮತ್ತೂ 3 ಕಳೆಯಬೇಕು. ಉಳಿದುದು 6. ಎಂದರೆ ಈ ಪ್ರಾತಿನಿಧ್ಯಗಳ ಹರವು ಆರು ಆಯಾಮಗಳದ್ದು.

ಸರಿ, ಎಣಿಕೆಯಾಯಿತು, ಆಕಾರ ತಿಳಿಯಲಿಲ್ಲ. ಆಸ್ತಿಯ ವಿಸ್ತೀರ್ಣ ಇಷ್ಟೆಂದು ಪಹಣಿಯಲ್ಲಿ ಕಂಡರೆ ಗದ್ದೆ ಯಾವ ಆಕಾರದಲ್ಲಿದೆಯೆಂದು ತಿಳಿದಂತಾಯಿತೆ? ಮಾತೃಕೆಗಳ ಸಮೀಕರಣವನ್ನು ನೇರವಾಗಿ ನೋಡಿದಷ್ಟೂ ಕಣ್ಣಿಗೆ ಗೋಜಲೇ ಕಾಣುತ್ತದೆ. ಇಲ್ಲಿಯೇ ಬೇರೊಂದು ದಾರಿ ಬೇಕಾಯಿತು.

ಕಂತೆ ಎಂದರೇನು?

ಪೊಟ್ಟಣದ ಒಂದೊಂದು ಬಿಂದುವಿನಲ್ಲಿಯೂ ಎಲ್ಲ ದಿಕ್ಕಿಗೂ ಎಷ್ಟು ಉದ್ದದ ಬಾಣಗಳನ್ನು ಬೇಕಾದರೂ ಬರೆಯಬಹುದು. ಆ ಬಿಂದುವಿನ ಬಾಣಗಳೆಲ್ಲ ಸೇರಿ ಒಂದು ಪುಟ್ಟ ಲೋಕ. ಗದ್ದೆಯಲ್ಲಿ ಬಿಂದು ಬಿಂದುವಿಗೂ ಒಂದೊಂದು ಭತ್ತದ ಸಸಿ ನಿಂತಿರುವಂತೆ, ಮೇಲ್ಮೈಯ ಪ್ರತಿಯೊಂದು ಬಿಂದುವಿನ ಮೇಲೂ ಇಂಥ ಒಂದು ಲೋಕ ನಿಂತಿದೆ. ಈ ಎಲ್ಲವನ್ನೂ ಸೇರಿಸಿ ಕಟ್ಟಿದ ಹೊರೆಗೆ ವೆಕ್ಟರ್ ಬಂಡಲ್ ಎನ್ನುತ್ತಾರೆ. ನಾವು ಕಂತೆಯೆಂದು ಕರೆಯೋಣ. ಅಂತೆಕಂತೆಯ ಕಂತೆಯಲ್ಲವೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ಪ್ರಾತಿನಿಧ್ಯದಿಂದ ಕಂತೆಯನ್ನು ಮಾಡುವ ವಿಧಾನವನ್ನು ನೀವು ಆಗಲೇ ಮಾಡಿ ನೋಡಿದ್ದೀರಿ. ಮೇಲ್ಮೈಯನ್ನು ಕೊಯ್ದು ಹರಡುವುದು; ಅದರ ಮೇಲೆ ಸಮಾಂತರವಾದ ಬಾಣಗಳನ್ನು ಇಡುವುದು; ಮತ್ತೆ ಅಂಚುಗಳನ್ನು ಅಂಟಿಸುವಾಗ, ಆಯಾ ಸುತ್ತಿಗೆ ಗೊತ್ತಾದ ತಿರುವಿಗೆ ಸರಿಯಾಗಿ ಬಾಣಗಳನ್ನು ಹೊಂದಿಸಿ ಅಂಟಿಸುವುದು. ಹೀಗೆ ಪ್ರತಿ ಪ್ರಾತಿನಿಧ್ಯಕ್ಕೂ ಒಂದು ಕಂತೆ ಹುಟ್ಟುತ್ತದೆ. ಆಮೇಲೆ ನಾವು ಬರೆದ ಬಾಣಗಳನ್ನು ಅಳಿಸಿಬಿಡಿ, ಕಂತೆಯನ್ನು ಮಾತ್ರ ಇಟ್ಟುಕೊಳ್ಳಿ. ಮೇಲ್ಮೈಯ ಮೇಲೆ ಸಮ್ಮಿಶ್ರ ಸಂಖ್ಯೆಗಳ ಗಣಿತವನ್ನು ನಡೆಸಲು ಬರುವಂತಿದ್ದರೆ ಅದು ರೀಮನ್ನನ ಮೇಲ್ಮೈ. ಅದರ ಮೇಲಿನ ಇಂಥ ಕಂತೆಗಳನ್ನು ಬೀಜಗಣಿತದ ಸಮೀಕರಣಗಳಿಂದ ವರ್ಣಿಸಬಹುದು. ಬೀಜಗಣಿತದವರ ಬಳಿ ನೂರು ವರ್ಷಗಳ ಹತಾರುಗಳಿವೆ. ಲಾಭ ಇರುವುದು ಇಲ್ಲಿ.

ಪ್ರಶ್ನೆಗಳು ಎರಡು. ಬಾಣ ಅಳಿಸಿದ ಕಂತೆಯಿಂದ ಮೊದಲಿನ ಪ್ರಾತಿನಿಧ್ಯವನ್ನು ಪತ್ತೆಹಚ್ಚಬಹುದೆ? ಯಾವ ಕಂತೆಗಳು ಹೀಗೆ ಹುಟ್ಟಿದವು, ಯಾವುವು ಅಲ್ಲ? ಫ್ರಾನ್ಸಿನ ಆಂದ್ರೆ ವೇಯ್ಲ್ 1938ರಲ್ಲಿ ಈ ಹಾದಿಯನ್ನು ಮೊದಲು ತೆರೆದನು. ಆದರೆ ಉದ್ದ ಕೆಡಿಸದ ತಿರುವುಗಳಿಂದ ಹುಟ್ಟಿದ ಕಂತೆಗಳ ಗುರುತೇನೆಂಬುದು ಸಿಕ್ಕಲಿಲ್ಲ.

ಸ್ಥಿರ ಕಂತೆ

1962ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ನಡೆದ ಗಣಿತಜ್ಞರ ಮಹಾಸಮ್ಮೇಳನದಲ್ಲಿ ಡೇವಿಡ್ ಮಂಫರ್ಡ್ ಎಂಬ ತರುಣನು, ಬೇರೆಯೇ ಒಂದು ಕಾರಣಕ್ಕಾಗಿ, ‘ಸ್ಥಿರ ಕಂತೆ’ ಎಂಬ ಕಲ್ಪನೆಯನ್ನು ಮುಂದಿಟ್ಟನು. ಅದನ್ನು ಹೀಗೆ ತಿಳಿಯಬಹುದು. ಪ್ರತಿ ಕಂತೆಗೂ ಎರಡು ಅಂಕಿಗಳುಂಟು: ಅದರ ದಪ್ಪ, ಮತ್ತು ಒಟ್ಟಿನಲ್ಲಿ ಅದು ಎಷ್ಟು ಹುರಿಗೊಂಡಿದೆ ಎಂಬ ಮಾನ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ತಲಾ ಪಾಲು ಬರುತ್ತದೆ. ಕಂತೆಯೊಳಗಿನ ಯಾವ ಉಪಕಂತೆಯನ್ನು ತೆಗೆದು ನೋಡಿದರೂ ಅದರ ತಲಾ ಪಾಲು ಇಡೀ ಕಂತೆಯ ತಲಾ ಪಾಲಿಗಿಂತ ಕಡಮೆಯೇ ಇದ್ದರೆ, ಆ ಕಂತೆ ಸ್ಥಿರವಾದುದು.

ಇದರಿಂದ ತಿಳಿಯುವುದೇನು? ಒಂದು ಕೂಡುಕುಟುಂಬ ಎರಡು ಕವಲಾಗಿ ಪಾಲಾಯಿತೆನ್ನಿ. ಎರಡು ಕವಲುಗಳ ತಲಾ ಪಾಲೂ ಇಡೀ ಮನೆಯ ಸರಾಸರಿಗಿಂತ ಕಡಮೆಯಾಗಲು ಬರುವುದಿಲ್ಲ. ಒಂದಾದರೂ ಸರಾಸರಿಯನ್ನು ಮುಟ್ಟಲೇಬೇಕು. ಹಾಗಾದರೆ ಯಾವ ಭಾಗವೂ ಸರಾಸರಿಯನ್ನು ಮುಟ್ಟದ ಕಂತೆ ಎರಡಾಗಿ ಪಾಲಾಗುವಂತೆಯೇ ಇಲ್ಲ. ಸ್ಥಿರ ಕಂತೆಯು ಹೀಗೆ ಒಡೆಯಲು ಬಾರದುದು.

ನರಸಿಂಹನ್ ಮತ್ತು ಶೇಷಾದ್ರಿಯವರು ಹುಟ್ಟಿದ್ದು 1932ರಲ್ಲಿ, ತಮಿಳುನಾಡಿನಲ್ಲಿ. ಮದರಾಸಿನ ಲಯೋಲಾ ಕಾಲೇಜಿನಲ್ಲಿ ಫಾದರ್ ರಸೀನ್ ಎಂಬ ಫ್ರೆಂಚ್ ಪಾದ್ರಿಗಳ ಪಾಠ ಕೇಳಿ, 1953ರಲ್ಲಿ ಇಬ್ಬರೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆಯ ಬೀಜ ಮೊಳೆತದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಕನ್ನಡಿಗರು ನೆನೆಯಬಹುದು: 1945ರ ಜೂನಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹೋಮಿ ಭಾಭಾ ಅವರು ಅದನ್ನು ಪ್ರಾರಂಭಿಸಿ, ಅದೇ ವರ್ಷ ಮುಂಬಯಿಗೆ ಒಯ್ದರು. ಇಬ್ಬರು ತರುಣರೂ 1950ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿದ್ದು ಮರಳಿದವರು. ವೇಯ್ಲನ ಲೇಖನವನ್ನು ಬೆನ್ನುಹತ್ತಿದ ಅವರಿಗೆ, ತಾವು ಹುಡುಕುತ್ತಿದ್ದ ಗುರುತು ಮಂಫರ್ಡನ ಸ್ಥಿರತೆಯೇ ಎಂದು ಹೊಳೆಯಿತು.

ಅವರು 1965ರಲ್ಲಿ ‘ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಮೇಯದ ತಿರುಳು ಇದು. ಒಂದಕ್ಕಿಂತ ಹೆಚ್ಚು ತೂತುಗಳಿರುವ ಮುಚ್ಚಿದ ರೀಮನ್ ಮೇಲ್ಮೈಯಲ್ಲಿ, ಹುರಿಯ ಮಾನ ಸೊನ್ನೆಯಾಗಿರುವ ಒಂದು ಕಂತೆ ಸ್ಥಿರವಾಗಿರುವುದೂ, ಅದು ಒಡೆಯಲಾಗದ, ಉದ್ದ ಕೆಡಿಸದ ಪ್ರಾತಿನಿಧ್ಯವೊಂದರಿಂದ ಹುಟ್ಟಿರುವುದೂ ಒಂದೇ ಮಾತು. ಒಂದು ಕಂತೆಗೆ ಒಂದೇ ಪ್ರಾತಿನಿಧ್ಯ.

ಉದ್ದ ಕೆಡಬಾರದೆಂಬ ಕಟ್ಟಳೆ ಏಕೆ ಬೇಕು? ಸುತ್ತಿ ಬಂದಾಗ ಬಾಣದ ದಿಕ್ಕು ಬದಲಾದರೂ ಉದ್ದ ಬದಲಾಗದಿದ್ದರೆ, ಉದ್ದವೆಂಬ ಮಾತಿಗೆ ಮೇಲ್ಮೈಯ ಮೇಲೆಲ್ಲ ಒಂದೇ ಅರ್ಥವಿರುತ್ತದೆ. ಮುಚ್ಚಿದ ಮೇಲ್ಮೈಯಲ್ಲಿ ಉದ್ದವು ಎಲ್ಲೋ ಒಂದೆಡೆ ಗರಿಷ್ಠವಾಗಲೇಬೇಕು. ಸಮ್ಮಿಶ್ರ ಸಂಖ್ಯೆಗಳ ಗಣಿತದಲ್ಲಿ ನಡುವೆ ಎಲ್ಲಿಯಾದರೂ ಹೀಗೆ ಶಿಖರ ಕಂಡುಬಂದರೆ, ಆ ಪರಿಮಾಣ ಎಲ್ಲ ಕಡೆಗೂ ಸಮನಾಗಿರಬೇಕೆಂಬುದು ನಿಯಮ. ಈ ಒಂದು ನಿಯಮದಿಂದ, ಅಳಿಸಿದ ಬಾಣಗಳನ್ನು ಮತ್ತೆ ಬೇರೆ ರೀತಿಯಲ್ಲಿ ಬರೆಯಲು ಎಡೆಯೇ ಇಲ್ಲವೆಂದಾಗುತ್ತದೆ. ಸ್ಥಿರ ಕಂತೆಗಳೆಲ್ಲವೂ ಪ್ರಾತಿನಿಧ್ಯದಿಂದ ಹುಟ್ಟಿದವೇ ಎಂದು ತೋರಿಸುವುದು ಇದಕ್ಕಿಂತ ಕಷ್ಟ. ಸ್ಥಿರ ಕಂತೆಗಳ ಸಮೂಹ ಅಖಂಡವಾದ ಒಂದು ನೆಲ. ಅದರಲ್ಲಿ ಪ್ರಾತಿನಿಧ್ಯದಿಂದ ಹುಟ್ಟಿದ ಕಂತೆಯೊಂದು ಸಿಕ್ಕಿದರೆ ಅದರ ನೆರೆಯವೂ ಅಂಥವೇ. ಅಂಥವುಗಳ ಸಾಲು ಒಂದು ಸ್ಥಿರ ಕಂತೆಯನ್ನು ಸಮೀಪಿಸಿದರೆ ಆ ಕಂತೆಯೂ ಅಂಥದೇ. ಅಖಂಡವಾದ ನೆಲದಲ್ಲಿ ಹೀಗೆ ಹಬ್ಬುವುದು ನಡುವೆ ನಿಲ್ಲಲಾರದು. ಇಡೀ ನೆಲವನ್ನು ತುಂಬುತ್ತದೆ.

ಫಲವೇನು?

ಎರಡು ತೂತುಗಳ ಬಳೆಯ ಪ್ರಶ್ನೆಯನ್ನು ನಾವು ಆರು ಆಯಾಮಗಳೆಂಬಲ್ಲಿಗೆ ಬಿಟ್ಟಿದ್ದೆವು. ಶೇಷಾದ್ರಿಯವರು 1967ರಲ್ಲಿ, ಒಡೆಯಬಲ್ಲ ಪ್ರಾತಿನಿಧ್ಯಗಳನ್ನೂ ಅಂಚಿನಲ್ಲಿ ಸೇರಿಸಿಕೊಂಡು ಆ ಹರವನ್ನು ಪೂರ್ಣಗೊಳಿಸುವ ಬಗೆಯನ್ನು ತೋರಿಸಿದರು. 1969ರಲ್ಲಿ ನರಸಿಂಹನ್ ಮತ್ತು ಅವರ ಶಿಷ್ಯರಾದ ಎಸ್. ರಮಣನ್ ಉತ್ತರ ಕೊಟ್ಟರು: ಆ ಹರವು ಮೂರು ಸಮ್ಮಿಶ್ರ ಆಯಾಮಗಳ ಪ್ರಕ್ಷೇಪ ಆಕಾಶ. ಸಮ್ಮಿಶ್ರ ಆಯಾಮ ಒಂದಕ್ಕೆ ಸಾಮಾನ್ಯ ಆಯಾಮ ಎರಡು, ಮೂರೆರಡಲ ಆರು. ಲೆಕ್ಕ ತಾಳೆಯಾಯಿತಲ್ಲವೆ? ಮಾತೃಕೆಗಳ ಗೋಜಲೆಂದು ಕಂಡದ್ದು, ಕಂತೆಯ ಕಡೆಯಿಂದ ಹೋಗಿ ನೋಡಿದರೆ ಜ್ಯಾಮಿತಿಯಲ್ಲಿ ಅತ್ಯಂತ ಸರಳವೂ ಪರಿಚಿತವೂ ಆದ ಆಕಾಶವಾಗಿತ್ತು.

ಅಲ್ಲಿಂದ ಮುಂದೆ ದಾರಿ ಅಗಲವಾಯಿತು. 1975ರಲ್ಲಿ ಜರ್ಮನಿಯ ಗುಂಟರ್ ಹಾರ್ಡರ್ ಅವರೊಡನೆ ನರಸಿಂಹನ್ ಸ್ಥಿರವಲ್ಲದ ಕಂತೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುವ ಕ್ರಮವನ್ನು ಕಂಡರು. ಪೊಟ್ಟಣದ ತುದಿಯಂಥ ಚುಕ್ಕೆಗಳನ್ನು ತೆಗೆದ ಮೇಲ್ಮೈಗಳಿಗೂ ಪ್ರಮೇಯ ಸಲ್ಲುವಂತೆ ವಿ. ಬಿ. ಮೆಹ್ತಾ ಮತ್ತು ಶೇಷಾದ್ರಿಯವರು 1980ರಲ್ಲಿ ವಿಸ್ತರಿಸಿದರು. 1983ರಲ್ಲಿ ಬ್ರಿಟನ್ನಿನ ಸೈಮನ್ ಡೊನಾಲ್ಡ್‌ಸನ್, ಭೌತಶಾಸ್ತ್ರದ ಯಾಂಗ್–ಮಿಲ್ಸ್ ಸಮೀಕರಣಗಳ ಮಾರ್ಗದಿಂದ ಇದೇ ಪ್ರಮೇಯಕ್ಕೆ ಹೊಸ ಸಾಧನೆ ಕೊಟ್ಟರು. ಉದ್ದ ಕೆಡಿಸುವ ಪ್ರಾತಿನಿಧ್ಯಗಳಿಗೂ ಒಪ್ಪುವ ಬಗೆಯ ಕಂತೆಗಳನ್ನು 1987ರಲ್ಲಿ ನೈಜೆಲ್ ಹಿಚಿನ್ ಮುಂದಿಟ್ಟರು. ಪರಮಾಣುಗಳ ಒಳಗಿನ ಬಲಗಳನ್ನು ಕುರಿತು ಯೋಚಿಸುವವರೂ ಸುತ್ತುಗಳನ್ನು ಎಣಿಸುವವರೂ ಒಂದೇ ಅಂಗಳದಲ್ಲಿ ಎದುರುಬದುರಾದರು. 2006ರ ಕಿಂಗ್ ಫೈಸಲ್ ಪ್ರಶಸ್ತಿಯನ್ನು ನರಸಿಂಹನ್ ಮತ್ತು ಡೊನಾಲ್ಡ್‌ಸನ್ ಹಂಚಿಕೊಂಡರು.

ಶೇಷಾದ್ರಿಯವರು 1989ರಲ್ಲಿ ಮದರಾಸಿನಲ್ಲಿ ಒಂದು ಗಣಿತ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಇಂದಿನ ಚೆನ್ನೈ ಗಣಿತ ಸಂಸ್ಥೆ ಅದೇ. ಅವರು ಕರ್ನಾಟಕ ಸಂಗೀತವನ್ನು ಶ್ರದ್ಧೆಯಿಂದ ಹಾಡುತ್ತಿದ್ದವರು. ನರಸಿಂಹನ್ ಇಟಲಿಯ ತ್ರಿಯೆಸ್ತೆ ನಗರದ ಅಂತರರಾಷ್ಟ್ರೀಯ ಕೇಂದ್ರದಲ್ಲಿ 1993ರಿಂದ 1999ರವರೆಗೆ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು.

‘ಇದರಿಂದ ನಮಗೇನು?’ ಎಂದು ಯಾರಾದರೂ ಕೇಳಿಯಾರು. ಅಕ್ಕಿಯ ಬೆಲೆ ಇಳಿಯುವುದಿಲ್ಲ, ನಿಜ. ಆದರೆ ಒಂದು ವಸ್ತುವಿನ ಒಳಹೊಕ್ಕು ನೋಡಲು ಸಾಧ್ಯವಿಲ್ಲದಾಗ ಅದನ್ನು ಸುತ್ತಿ ಬಂದು, ಹೊರಟಾಗ ಹೇಗಿದ್ದೆವು, ಬಂದಾಗ ಹೇಗಿದ್ದೇವೆ ಎಂದು ತಾಳೆ ನೋಡಿ, ಅಷ್ಟರಿಂದಲೇ ಒಳಗಿನದನ್ನು ತಿಳಿಯಬಹುದೆಂಬ ವಿವೇಕ ಸಣ್ಣದಲ್ಲ. ಅದನ್ನು ಲೋಕಕ್ಕೆ ಕಲಿಸಿದವರಲ್ಲಿ ನಮ್ಮ ನೆರೆನಾಡಿನ ಇಬ್ಬರು ಇದ್ದರೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ಅವರ ಕೈಗೆ ಕತ್ತರಿ ಕಾಗದ ಕೊಡಿ. ಕಾಲುಭಾಗದ ಬದಲು ಅರ್ಧವನ್ನೇ ಕತ್ತರಿಸಿ ತೆಗೆದರೆ ಬಾಣ ಒಂದು ಸುತ್ತಿಗೆ ಎಷ್ಟು ತಿರುಗುತ್ತದೆ, ಎಷ್ಟನೆಯ ಸುತ್ತಿಗೆ ಮೊದಲಿನಂತಾಗುತ್ತದೆ ಎಂದು ಕೇಳಿ. ಉತ್ತರವನ್ನು ನಾನು ಹೇಳುವುದಿಲ್ಲ. ಅವರು ಹೇಳಲಿ, ಕನ್ನಡದಲ್ಲಿಯೇ ಹೇಳಲಿ.